ಕನ್ನಡಕ

ಲೆಸ್ಟರ್, ಮ್ಯಾಜಿಸ್ಟ್ರೇಟ್ ಕೋರ್ಟು, ಮೂರನೇ ಕೊಠಡಿ.
ಗಂಟೆಗಿಷ್ಟು ಪೌಂಡಿನ ಲೆಕ್ಕದಲ್ಲಿ
ನಾನಿಲ್ಲಿ ಎರಡು ನಾಲಗೆಯವನು.
ಊರಲ್ಲಾದರೆ ಬೈಗುಳ, ಇಲ್ಲಿ ಹುದ್ದೆ.

ಗಾಜಿನಾಚೆ ಲೂರ್ದಮ್ಮ:
ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ನೇರ ಬಂದವಳು,
ಕಾಲಲ್ಲಿನ್ನೂ ಅದೇ ಬಿಳಿ ಬೂಟು.
ಔಷಧಿ ಅಂಗಡಿಯ ತಿರುಗುವ ಸ್ಟ್ಯಾಂಡಿನಿಂದ
ಓದುವ ಕನ್ನಡಕವೊಂದು, ಬೆಲೆ ಹನ್ನೆರಡು ಪೌಂಡು,
ಕೋಟಿನ ಜೇಬಿಗಿಳಿದದ್ದನ್ನು
ಕ್ಯಾಮೆರಾ ನೋಡಿದೆ. ಅದಕ್ಕೆ ಕನ್ನಡಕ ಬೇಕಿಲ್ಲ.

ನಿನ್ನೆ ರಾತ್ರಿ ಕೂತು ಪದ ಹೊಂದಿಸಿಕೊಂಡಿದ್ದೆ:
ಬರಿದೆ ಎತ್ತಿಕೊಂಡರೆ ಕಳವು, ಏಳು ವರ್ಷದವರೆಗೆ;
ಎತ್ತಲೆಂದು ಕೈ ತಿರುಚಿದರೆ ಸುಲಿಗೆ, ಜೀವಮಾನವೂ ಆದೀತು;
ಕದಿಯಲೆಂದೇ ಇನ್ನೊಬ್ಬರ ಮನೆ ಹೊಕ್ಕರೆ ಕನ್ನ, ಹದಿನಾಲ್ಕು.
ಕನ್ನ!
ಮಣ್ಣಿನ ಗೋಡೆಗೆ ಕೊರೆದ ತೂತು,
ಈ ಇಟ್ಟಿಗೆಯ ಊರಿಗೆ ಬಂದು ನಿಂತಿದೆ.
ಕನ್ನ, ಕನ್ನಡ, ಕನ್ನಡಕ, ಕನ್ನಡಿ:
ನಿಘಂಟಿನಲ್ಲಿ ಒಂದೇ ಓಣಿಯ ಮನೆಗಳು.

'ಶಾಶ್ವತವಾಗಿ ತನ್ನದಾಗಿಸಿಕೊಳ್ಳುವ ಉದ್ದೇಶದಿಂದ' ಎಂದೆ.
ಶಾಶ್ವತವಾ? ಎಂದು ಹುಬ್ಬೇರಿಸಿದಳು,
ಆ ಮಾತನ್ನು ಪಾದ್ರಿಯ ಬಾಯಲ್ಲಷ್ಟೇ ಕೇಳಿದವಳು.

ತಪ್ಪೊಪ್ಪುತ್ತೀರೋ ಇಲ್ಲವೋ, ಗುಮಾಸ್ತರು ಕೇಳಿದರು.
ಲೂರ್ದಮ್ಮ ಕೈ ಮುಗಿದಳು: 'ತಪ್ಪಾಯ್ತು ಸ್ವಾಮಿ.'

ತಪ್ಪಾಯ್ತು.
ಕಾಲು ತಾಗಿದರೂ, ಸಾರಿಗೆ ಉಪ್ಪು ಹೆಚ್ಚಾದರೂ ಇದೇ ಮಾತು.
ಹೊತ್ತಾಯ್ತು, ಮಳೆಯಾಯ್ತು, ತಪ್ಪಾಯ್ತು.
ಮಾಡಿದವರೇ ಇಲ್ಲದ ಕ್ರಿಯಾಪದವನ್ನು
ಯಾರ ತಲೆಗೆ ಕಟ್ಟಲಿ?
ನನಗಿದ್ದದ್ದು ಮೂರು ಸೆಕೆಂಡು.
ಗೋಡೆಯ ಲಾಂಛನದಲ್ಲಿ ಕುದುರೆಗೂ ಕೊಂಬಿತ್ತು.

ಕ್ಷಮೆ ಕೇಳುತ್ತಿದ್ದಾರೆ, ಎಂದೆ.
ಅದು ಉತ್ತರವಲ್ಲ, ಎಂದರು.
ಮತ್ತೆ ಕೇಳಿದೆ. 'ಹೂಂ' ಅಂದಳು.
ಹೂಂ ಅನ್ನು ತರ್ಜುಮೆ ಮಾಡುವುದು ಸುಲಭ.

ವರ್ಷವೊಂದು ಕೈ ಶುದ್ಧವಿಟ್ಟರೆ ಶಿಕ್ಷೆಯಿಲ್ಲ,
ಕೆಟ್ಟರೆ ಆ ತಪ್ಪಿನ ಜೊತೆ ಇದಕ್ಕೂ ಉಂಟು.
ಖರ್ಚು ಎಂಬತ್ತೈದು. ನೊಂದವರ ನಿಧಿಗೆ ಇಪ್ಪತ್ತಾರು.
ಅಂಕಿಗಳು ನನ್ನ ಬಾಯಲ್ಲಿ ಒಮ್ಮೆಯೂ ಎಡವಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ, ಆದೇಶದ ಹಾಳೆಯನ್ನು
ತೋಳಳತೆ ದೂರ ಹಿಡಿದು, ಇನ್ನೂ ದೂರ ಹಿಡಿದು, ತೋಳೇ ಸಾಲದೆ,
'ತಾತನ ಔಷಧಿ ಐದು ಮಿಲಿಯೋ ಹದಿನೈದೋ ಕಾಣ್ತಿರಲಿಲ್ಲ ಕಣಣ್ಣ.
ಹಳೇದು ಒಡೆದೋಗಿತ್ತು. ಅದನ್ನ ಹೇಳಿದ್ರಾ?'

ನೀವು ಹೇಳಲಿಲ್ಲವಲ್ಲ.

ಹೇಳದ್ದನ್ನು ಹೇಳೆನೆಂದು
ಬೆಳಿಗ್ಗೆಯೇ ಪ್ರಮಾಣ ಮಾಡಿದ್ದೇನೆ.
ಅವಳೇನೂ ಅನ್ನಲಿಲ್ಲ. ಬಸ್ಸೊಂದು ಬಂದು ಹೋಯಿತು.
'ದುಡ್ಡು ಕಟ್ಟಲು ಕೊನೇ ತಾರೀಖು ಎಷ್ಟಿದೆ ನೋಡಿ'
ಎಂದು ಹಾಳೆ ಚಾಚಿದಳು.

ಎದೆಜೇಬಿನಿಂದ
ನನ್ನ ಕನ್ನಡಕ ತೆಗೆದೆ.