ಕ್ರೇನು ಜುಂಜಣ್ಣ ತಂದ ಪದ

ಶಿರಾ ಬೈಪಾಸಿನ ಕ್ರೇನು ಜುಂಜಣ್ಣ
ಮಧ್ಯಾಹ್ನ ಮೂರಕ್ಕೆ ಗೇಟು ತಟ್ಟಿದ.
ಕೈಯಲ್ಲಿ ಗ್ರೀಸು ಕುಡಿದು ದಪ್ಪಗಾದ ಪುಸ್ತಕ,
ಗುಜರಿಯಲ್ಲಿ ಕೊಂಡ ವಿಂಚಿನ ಜೊತೆ ಬಂದದ್ದಂತೆ.
'ಇಂಗ್ಲಿಷ್ ಥರಾನೇ ಐತೆ, ಇಂಗ್ಲಿಷಲ್ಲ.
ನಿಮ್ಮತ್ರ ಎಂಟ್ನೇ ಕ್ಲಾಸು ಓದ್ದೋನು, ನೀವೇ ಹೇಳ್ಬೇಕು.'

ಓದಿದ್ದು ಅಂದರೆ, ಕೊನೆಯ ಬೆಂಚಿನಲ್ಲಿ ಕೂತು
ಹೆದ್ದಾರಿಯ ಲಾರಿ ಎಣಿಸಿದ್ದು.

ಜರ್ಮನ್ ನನಗೂ ಬಾರದು.
ಶಾಲೆಯವರು ರದ್ದಿಗೆ ಹಾಕುವಾಗ ಉಳಿಸಿಕೊಂಡ
ಒಂದು ಪುಟ್ಟ ನಿಘಂಟಿದೆ, ಆ ಭಾಷೆಯಿಂದ ಇಂಗ್ಲಿಷಿಗೆ.
ಯಾರೂ ಎರವಲು ಪಡೆಯದ್ದು,
ಹುಳು ಮಾತ್ರ ಓದಿದ್ದು.

ಪುಟಪುಟಕ್ಕೂ ಬರುವ ಪದ ಒಂದೇ: ಶ್ಲೆಪ್ಪನ್.
ಕೆಸರಿಂದ ಚಪ್ಪಲಿ ಕಿತ್ತ ಸದ್ದು.
ಜುಂಜಣ್ಣ ನಕ್ಕ.
ನಾನು ಕನ್ನಡಕ ಏರಿಸಿ ಅರ್ಥಗಳನ್ನು ಓದಿದೆ.

ಡ್ರ್ಯಾಗ್.
'ಗೊತ್ತು ಬಿಡಿ. ತಾವರೆಕೆರೆ ಗೇಟಲ್ಲಿ
ಆಕ್ಸಲ್ ಮುರಿದ ಹತ್ತು ಚಕ್ರದ್ದು, ಟಾರಿನ ಮೇಲೆ ದರದರ.
ಕಿಡಿ ನೋಡಿ ಹುಡುಗ್ರು ದೀಪಾವಳಿ ಅಂತ ಓಡಿ ಬಂದ್ವು.'

ಟೋ.
'ಅದು ಸಲೀಸು. ಹಿಂದಿರೋನು ಸ್ಟೀರಿಂಗ್ ಹಿಡ್ಕೊಂಡು
ತಾನೇ ಓಡಿಸ್ತಾ ಇದೀನಿ ಅನ್ಕೊಂಡಿರ್ತಾನೆ.'

ಹಾಲ್.
'ಕುಡಿಯೋದಾ?'
ಅಲ್ಲ ಕಣೋ, ಆಳದಿಂದ ಮೇಲಕ್ಕೆ, ಬಲ ಹಾಕಿ.
ಸ್ವಲ್ಪ ಹೊತ್ತು ಸುಮ್ಮನಾದ.
'ಕಳ್ಳಂಬೆಳ್ಳ ಕೆರೆ. ಬಿಳೀ ಕಾರು.
ಒಳಗೆ ಯಾರಾರಾ ಇದಾರೋ ಇಲ್ವೋ ಗೊತ್ತಿರಲ್ಲ ಮೇಡಂ.
ಹಗ್ಗಕ್ಕೆ ತೂಕ ತಿಳೀತದೆ,
ಯಾರ ತೂಕ ಅಂತ ತಿಳಿಯಲ್ಲ.
ಅದಕ್ಕೆ ಬೇರೆ ಪದ ಐತಾ ಇದ್ರಾಗೆ?'
ಬೆರಳಿಟ್ಟು ಹುಡುಕಿದೆ. ಇರಲಿಲ್ಲ.

ಲಗ್.
ನಾನು ಬಾಯಿ ತೆರೆಯುವಷ್ಟರಲ್ಲಿ
'ಲಗೇಜಿನ ಅವ್ವ!' ಅಂದ.
ಹೌದಲ್ಲ. ಮೂವತ್ತೆರಡು ವರ್ಷ ಇಂಗ್ಲಿಷ್ ಹೇಳಿದವಳಿಗೆ ಹೊಳೆದಿರಲಿಲ್ಲ.
ಉತ್ತರಪತ್ರಿಕೆಯ ಕಟ್ಟು ಹೊತ್ತು ತುಮಕೂರಿಗೆ ಹೋಗುವಾಗ
ಕಂಡಕ್ಟರು ಅದಕ್ಕೂ ಟಿಕೆಟು ಹರಿದಿದ್ದ:
ನೂರಿಪ್ಪತ್ತು ಮಕ್ಕಳ ತಪ್ಪುಗಳಿಗೆ
ಆರು ರೂಪಾಯಿ ಲಗೇಜು.

ಕೊನೆಗೆ ಕಪ್ಪು ಚೌಕಟ್ಟಿನೊಳಗೆ ಒಂದು ವಾಕ್ಯ.
ಜರ್ಮನಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಶಿರಾಕ್ಕೆ,
ಮುಕ್ಕಾಲು ಗಂಟೆ ಜಗ್ಗಿ ತಂದು ನಿಲ್ಲಿಸಿದೆ:
ಎಳೆಯುವಾಗ ಹಗ್ಗದ ನೇರಕ್ಕೆ ನಿಲ್ಲಬೇಡಿ.

'ಇದಾ?' ಎಂದು ಎಡಗೈ ಎತ್ತಿದ.
ಬೆರಳು ಮೂರೇ ಇದ್ದವು.
'ಇದ್ನ ಮೊದ್ಲೇ ಓದಿದೀನಿ.'

ಹೋಗುವಾಗ ಚೀಲದಲ್ಲಿ ಹುಣಸೆಹಣ್ಣು ಇಟ್ಟ.
'ಪಲ್ಟಿ ಲಾರೀದು. ಓನರ್ರೇ ಕೊಟ್ಟಿದ್ದು, ಕದ್ದಿದ್ದಲ್ಲ.'

ಒಂದು ಅರ್ಥ ಮಾತ್ರ ನಾನು ಅವನಿಗೆ ಓದಲಿಲ್ಲ.
ಸಾಲಿನ ತುದಿಗೆ, ಸಣ್ಣಕ್ಷರದಲ್ಲಿ:
ತನ್ನನ್ನು ತಾನೇ.
ಹಗ್ಗವಿಲ್ಲ, ವಿಂಚಿಲ್ಲ,
ಯಾವ ಕ್ರೇನಿಗೂ ಫೋನು ಮಾಡುವಂತಿಲ್ಲ.

ಸಂಜೆ ಒಣಗಿದ ಬಟ್ಟೆ ತರಲು ತಾರಸಿ ಹತ್ತುವಾಗ
ಏಳನೇ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತೆ.
ಮಂಡಿಗೆ ಮೆಲ್ಲಗೆ ಹೇಳಿದೆ,
ಶ್ಲೆಪ್ಪನ್.

ರಾತ್ರಿ ಸಾರಿನಲ್ಲಿ, ನಾಲ್ಕು ಸಲ ತೊಳೆದಿದ್ದರೂ,
ಒಂದು ಹರಳು ಹೆದ್ದಾರಿ
ಹಲ್ಲಿಗೆ ಸಿಕ್ಕಿತು.