ಇಬ್ಬರೂ ಕಾಣದ್ದು

ಯೊಯೆನ್ಸೂ ವಿಶ್ವವಿದ್ಯಾಲಯದ ಟಪಾಲು ಕೋಣೆಯಲ್ಲಿ
ಇಪ್ಪತ್ತಾರು ಚಳಿಗಾಲ ಕಳೆದವನು ನಾನು.
ಮೂರನೇ ಮಹಡಿಯ ಟೆಲ್ಲೆರ್ವೊ ಇಕಾಹೈಮೊಗೆ
ಬಂದಷ್ಟು ಕಾಗದ ಇನ್ನಾರಿಗೂ ಬರಲಿಲ್ಲ.
ಬಾಗಿಲ ಮೇಲೆ ‘ಸಂಖ್ಯಾಶಾಸ್ತ್ರ’ ಅಂತ ಒಂದೇ ಪದ,
ಲಕೋಟೆಗಳ ಮೂಲೆಯಲ್ಲಿ ಮಾತ್ರ ಲೋಕದ ಎಲ್ಲ ಕಸುಬು:
ಕಲ್ಲುಹೂವಿನ ಹಿಂದೆ ಬಿದ್ದವಳು, ಕ್ಷಯದ ಆಸ್ಪತ್ರೆ,
ಚಂದ್ರನ ಕುಳಿ ಎಣಿಸುವ ಇಬ್ಬರು ಜಗಳಗಂಟರು,
ನಿಘಂಟಿನ ಕರಡು ತಿದ್ದುವ ಒಬ್ಬ ಮುದುಕ,
(ವಿಳಾಸದಲ್ಲೇ ಅವನದು ಎರಡು ಕಾಗುಣಿತ ತಪ್ಪು.)

‘ಇವರಿಗೆಲ್ಲ ನಿಮ್ಮಲ್ಲೇನು ಕೆಲಸ?’ ಅಂದೆ ಒಮ್ಮೆ.
‘ಎಲ್ಲರೂ ಕೇಳೋದು ನಮ್ಮಪ್ಪನ ಸರೋವರದ ಬಗ್ಗೆ’ ಅಂದಳು ಆಕೆ.

ನೂರು ಮೀನು ಹಿಡಿ.
ಈಜುರೆಕ್ಕೆಯ ತುದಿ ಚೂರೇ ಚೂರು ಕತ್ತರಿಸು, ಬಿಟ್ಟುಬಿಡು.
ಬೆರೆಯಲಿ. ಅವಸರ ಬೇಡ,
ಕಾಫಿ ಕುಡಿ, ಸೌನಾಕ್ಕೆ ಹೋಗಿ ಬಾ, ವಾರ ಕಳೆಯಲಿ.
ಮತ್ತೆ ನೂರು ಹಿಡಿ. ಅದರಲ್ಲಿ ಹತ್ತಕ್ಕೆ ಗುರುತಿದ್ದರೆ
ನೀರಿನೊಳಗೆ ಸುಮಾರು ಸಾವಿರ.
ಗುರುತು ಸಿಕ್ಕವು ಹೇಳುತ್ತವೆ
ಗುರುತೇ ಇಲ್ಲದವುಗಳ ಸುದ್ದಿ.

ಅಪ್ಪ ನಂಬಲಿಲ್ಲವಂತೆ.
‘ಕಾಣದ ಮೀನು ಹುರಿಯೋಕಾಗುತ್ತಾ?’ ಅಂದನಂತೆ.

ಮೀನಿದ್ದಲ್ಲಿ ಕುಳಿ ಬಂತು, ಕುಳಿಯಿದ್ದಲ್ಲಿ ಕೆಮ್ಮು,
ಕೆಮ್ಮಿದ್ದಲ್ಲಿ ಅಚ್ಚಿನ ತಪ್ಪು.
ಬಲೆ ಅದೇ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ,
ಆಕೆ ಬದುಕೆಲ್ಲ ಕೂತದ್ದು ಅವುಗಳ ಪರವಾಗಿ.

ಒಂದು ಮಾರ್ಚಿನಲ್ಲಿ ನಾನು ತಪ್ಪೊಪ್ಪಿಕೊಂಡೆ:
ನಿಮ್ಮ ಕೆಲವು ಕಾಗದ ನನ್ನ ಕೈಯಲ್ಲಿ ಕಳೆದಿರಬೇಕು.
ಬೈಯಲಿಲ್ಲ. ಪೆನ್ಸಿಲು ತೆಗೆದಳು.
ನನ್ನ ದಾಖಲೆ ಪುಸ್ತಕದಲ್ಲಿ ಆ ವರ್ಷ ತೊಂಬತ್ತು
(ಎಲ್ಲವನ್ನೂ ಬರೆಯುವವನಲ್ಲ ನಾನು, ಅದೂ ಒಪ್ಪಿದೆ),
ಆಕೆಯ ತಟ್ಟೆಯಲ್ಲಿ ನೂರು,
ಎರಡು ಕಡೆಯೂ ಇದ್ದವು ಎಪ್ಪತ್ತೈದು.
‘ಹಾಗಾದರೆ ಬಂದದ್ದು ನೂರಿಪ್ಪತ್ತು.
ನೀನೂ ಕಾಣದ, ನಾನೂ ಕಾಣದ ಕಾಗದ ಐದು.
ಹೆಚ್ಚು ಕಡಿಮೆ’ ಅಂದಳು. ಆ ‘ಹೆಚ್ಚು ಕಡಿಮೆ’ಯನ್ನು
ಬೇರೆಯವರು ತಪ್ಪಿಸಿಕೊಳ್ಳಲು ಹೇಳುತ್ತಾರೆ,
ಆಕೆ ಪ್ರಮಾಣ ಮಾಡುವವಳ ಹಾಗೆ ಹೇಳುತ್ತಿದ್ದಳು.

ಮುಂದಿನ ಜನವರಿ. ಬಿಸಿನೀರಿನ ಕೊಳವೆ ಒಡೆದು
ಗೋಡೆಯ ಬೀರು ಸರಿಸಿದಾಗ, ಹಿಂದೆ,
ಧೂಳು ಹೊದ್ದು ನಿಂತಿದ್ದವು ನಾಲ್ಕು.

ಮೂರು ಏನೋ ಪತ್ರಿಕೆಯ ಬಿಲ್ಲು.
ನಾಲ್ಕನೆಯದು ದೂರದ ದಕ್ಷಿಣದಿಂದ,
ಸೈನಿಕರು ರಾತ್ರಿ ಮನೆಗಳಿಗೆ ಬಂದು ಹೋಗಿದ್ದ ಒಂದು ದೇಶದಿಂದ.
ಕಾಣೆಯಾದವರ ಪಟ್ಟಿ ಅಲ್ಲಿ ಎರಡು,
ಚರ್ಚಿನದೊಂದು, ವಕೀಲರದೊಂದು.
ಎರಡನ್ನೂ ಒಂದರ ಮೇಲೊಂದಿಟ್ಟು
ಆಕೆ ಒಂದು ಸಂಖ್ಯೆ ಕಳಿಸಿದ್ದಳು, ಪಟ್ಟಿಗಳಿಗಿಂತ ದೊಡ್ಡದು.
ಎರ್ಮೆಲಿಂದಾ ಎಂಬ ತಾಯಿ ಅದನ್ನು ರೇಡಿಯೋದಲ್ಲಿ ಕೇಳಿ
ಯಾರಿಂದಲೋ ಬರೆಸಿದ್ದಳು:
ನನ್ನ ಫಾಬಿಯಾನ್ ಚರ್ಚಿನ ಪಟ್ಟಿಯಲ್ಲಿಲ್ಲ.
ವಕೀಲರ ಪಟ್ಟಿಯಲ್ಲೂ ಇಲ್ಲ.
ಹೆದರಿ ನಾನು ಎಲ್ಲೂ ಹೆಸರು ಕೊಡಲಿಲ್ಲ.
ಅಮ್ಮಾ, ನಿಮ್ಮ ಸಂಖ್ಯೆಯಲ್ಲಿ ಅವನು ಇದ್ದಾನಾ?

ಹನ್ನೊಂದು ತಿಂಗಳು ಆ ಪ್ರಶ್ನೆ
ನನ್ನ ಬೀರುವಿನ ಹಿಂದೆ ನಿಂತಿತ್ತು.

ಉತ್ತರ ಬರೆಯಲು ಆಕೆಗೆ ಇಡೀ ಮಧ್ಯಾಹ್ನ ಬೇಕಾಯಿತು.
ಹೊರಗೆ ಮೂರು ಗಂಟೆಗೇ ಕತ್ತಲು, ದೀಪ ಹಾಕಲಿಲ್ಲ.
ಲಕೋಟೆ ಅಂಟಿಸುವ ಮೊದಲು ನನಗೆ ತೋರಿಸಿದಳು,
ಯಾಕೋ ಗೊತ್ತಿಲ್ಲ.
ಸೂತ್ರವಿಲ್ಲ. ಕ್ಷಮೆ ಕೇಳಿ ಎರಡು ಸಾಲು, ಆಮೇಲೆ:
‘ಇದ್ದಾನೆ. ಯಾರೂ ಬರೆದುಕೊಳ್ಳದವರಿಗಾಗಿಯೇ
ಆ ಸಂಖ್ಯೆ ಅಷ್ಟು ದೊಡ್ಡದು.’

ನಾನೇ ಅಂಚೆಗೆ ನಡೆದು ಹೋಗಿ ಹಾಕಿದೆ. ಪುಸ್ತಕದಲ್ಲಿ ಬರೆದೆ.
ಅಂದಿನಿಂದ ಪ್ರತಿಯೊಂದನ್ನೂ ಬರೆದೆ.

ಐದನೆಯದು ಇನ್ನೂ ಸಿಕ್ಕಿಲ್ಲ.
ನಿವೃತ್ತನಾದ ಮೇಲೂ ಒಮ್ಮೊಮ್ಮೆ ಹಳೆ ಕೋಟಿನ ಜೇಬು ತಡವುತ್ತೇನೆ.

ಹೋದ ಶನಿವಾರ ಮಂಜುಗಡ್ಡೆಯಲ್ಲಿ ತೂತು ಕೊರೆದು
ಸಂಜೆಯವರೆಗೆ ಕೂತೆ. ಬಂದವು ಎರಡು.
ಬಾಣಲೆ ಹಿಡಿದು ಬಗ್ಗಿ ನೋಡಿದ ಹೆಂಡತಿ
‘ಇಷ್ಟೇನಾ?’ ಅಂದಳು.
ಬೂಟಿನ ಹಿಮ ಕೊಡವುತ್ತ ಅಂದೆ:
‘ಸಿಕ್ಕಿದ್ದು ಇಷ್ಟು.’