ಕಾಲರಿರುವ ಅಂಗಿ

ಗೇಟಿಗೆ ಹೊಸ ಕಾಗದ ಅಂಟಿಸಿದ್ದಾರೆ.
ನನಗೆ ಇಂಗ್ಲಿಷು ಬಾರದು. ಎದೆಯ ಪಟ್ಟಿಗೆ ಹೆಸರು ಹೊಲಿಯುವಾಗಲೂ
ಅಕ್ಷರವೆಂದರೆ ಬರೀ ದಾರದ ತಿರುವು:
ಇಲ್ಲೊಂದು ಕೊಕ್ಕೆ, ಅಲ್ಲೊಂದು ಏಣಿ.
ಹುಡುಗರೇ ಓದಿ, ಕೈಸನ್ನೆ ಮಾಡಿ ತಿಳಿಸಿದರು:
ಸಂಜೆ ಆರರ ಮೇಲೆ ದೋಂಗ್ದುಚೆನ್ನಿನ ಯಾವ ಓಣಿಯಲ್ಲೂ
ಸಮವಸ್ತ್ರ ಕಾಣಕೂಡದು.
ಕಾಲರಿರುವ ಅಂಗಿಯೇ ಆಗಬೇಕು. ಹರಿದ ಜೀನ್ಸ್ ಬೇಡ,
ತೋಳಿಲ್ಲದ ಬನಿಯನ್ ಬೇಡ, ಬೆರಳು ಇಣುಕುವ ಚಪ್ಪಲಿ ಬೇಡ,
ಬೂಟಂತೂ ಬೇಡವೇ ಬೇಡ.

ಹಿಂದಿನ ಸಾಹೇಬನದು ತದ್ವಿರುದ್ಧ.
ಗುಂಡಿ ಬಿಚ್ಚಿ ತಿರುಗಿದವನಿಗೆ ಹದಿನಾಲ್ಕು ದಿನ ಕಕ್ಕಸು ತೊಳೆಯುವ ಶಿಕ್ಷೆ.
ಸಾಹೇಬರು ಬದಲಾಗುತ್ತಾರೆ,
ನನ್ನ ಇಸ್ತ್ರಿಪೆಟ್ಟಿಗೆ ಅದೇ.

ಈಗ ಆರಾದರೆ ನನ್ನ ಪರದೆಯ ಹಿಂದೆ ನೂಕುನುಗ್ಗಲು.
ಒಳಹೊಕ್ಕವರು ಸಿಪಾಯಿಗಳು,
ಹೊರಬಂದವರೂ ಸಿಪಾಯಿಗಳೇ!
ಬೋಳಿಸಿದ ಕತ್ತು ಹೇಳುತ್ತದೆ. ಇಬ್ಬರು ಜೊತೆಗೆ ನಡೆದರೆ ಸಾಕು,
ಹೆಜ್ಜೆ ತಾನಾಗಿ ಕೂಡಿಬಿಡುತ್ತದೆ.
ಮೀನು ಮಾರುವ ಕಿಲ್‌-ನ್ಯೊ ಕತ್ತೆತ್ತದೆಯೇ ಅನ್ನುತ್ತಾಳೆ,
"ಬಂತು ನೋಡೇ ಮಾಕ್‌-ಸುನ್, ಮಫ್ತಿ ಪಡೆ."

ಒಬ್ಬನಿಗೆ ಕಾಲರಿನ ಅಂಗಿಯೇ ಇರಲಿಲ್ಲ.
ಹೆಸರಿನ ಮೊದಲಲ್ಲೇ ಏಣಿ; ಏಣಿ ಎಂದೇ ಕರೆಯುತ್ತೇನೆ.
ಒಗೆಯಲು ಕೊಟ್ಟು ಒಯ್ಯಲು ಮರೆತ
ಗಣಿತದ ಮೇಷ್ಟ್ರ ಅಂಗಿ ತೆಗೆದುಕೊಟ್ಟೆ.
ಎಷ್ಟು ಕುದಿಸಿದರೂ ಜೇಬಿನ ಮೂಲೆಯ ಸೀಮೆಸುಣ್ಣ ಹೋಗಿಲ್ಲ.
ಮುಂಗೈ ಗೇಣುದ್ದ ಹೊರಗೆ. ಇರಲಿ, ಕಾಲರಿದೆ.
ಜೋಡಿಗೇನು ಮಾಡಲಿ?
ಈ ಊರ ಸಂತೆಯಲ್ಲಿ ಅಂಥ ಪಾದಕ್ಕೆ ಜೋಡು ಹೊಲಿದವರಿಲ್ಲ.

ಅದೇ ಸಂಜೆ ಬಸ್ಸಿಳಿದು ಮೊಮ್ಮಗ ಬಂದ, ಹ್ಯೊನ್‌-ಗ್ಯು.
ನಮ್ಮ ದಂಡಿನ ಕಟ್ಟಳೆ ಬೇರೆ:
ರಜೆಯೆಂದರೂ ಮನೆ ಮುಟ್ಟುವ ತನಕ ಸಮವಸ್ತ್ರ ಮೈಬಿಡುವಂತಿಲ್ಲ.
ಬೆಂಚಿನ ಮೇಲೆ ಇಬ್ಬರೂ ನೂಡಲ್ಸ್ ಹೀರುತ್ತ ಕೂತರು,
ಊರು ತನ್ನದಾದವನು ಸಮವಸ್ತ್ರದಲ್ಲಿ,
ಊರು ತನ್ನದಲ್ಲದವನು ಮೇಷ್ಟ್ರ ಅಂಗಿಯಲ್ಲಿ.
ಮಾತು ಬಾರದು. ಬೆರಳು ಮಡಿಸಿ ವಯಸ್ಸು ಎಣಿಸಿಕೊಂಡರು.
ಇಪ್ಪತ್ತು. ಇಪ್ಪತ್ತು.
ಯಾಕೋ ನಗು ಬಂತು ಇಬ್ಬರಿಗೂ.

ಆಗಲೇ ಓಣಿಯ ತುದಿಯಲ್ಲಿ ಟಾರ್ಚು,
ತೋಳುಪಟ್ಟಿಯ ಇಬ್ಬರು ಪೊಲೀಸರು, ಅವನ ದಂಡಿನವರೇ.
ಏಣಿಯ ಮುಖ ಸುಣ್ಣವಾಯಿತು.
ನಾನೇನು ಯೋಚಿಸಿದೆನೋ ನನಗೇ ಗೊತ್ತಿಲ್ಲ,
ಬೋಗುಣಿಯಿಂದ ಹಸಿ ಚಾದರ ಎತ್ತಿ
ಬೆಂಚಿನ ಕೆಳಗಿನ ನಾಲ್ಕೂ ಬೂಟಿನ ಮೇಲೆ ದಪ್ಪೆಂದು ಹಾಕಿದೆ.

ಟಾರ್ಚು ಮೊಮ್ಮಗನ ಮೇಲೆ ನಿಂತಿತು: ನಮ್ಮವನಲ್ಲ.
ಏಣಿಯ ಮೇಲೆ ನಿಂತಿತು: ಕಾಲರಿದೆ.
ನೆಲದ ಮೇಲೆ ಹರಡುತ್ತಿದ್ದ ನೀರಿನ ಮೇಲೂ ಒಂದು ಗಳಿಗೆ ನಿಂತಿತು.
ಆಮೇಲೆ ಅದರ ಪಾಡಿಗೆ ಅದು ಹೋಯಿತು.

ಚಾದರ ಸರಿಸಿದೆ. ನಾಲ್ಕೂ ಕಪ್ಪು, ನಾಲ್ಕೂ ಒದ್ದೆ.
ಎರಡು ದೊಡ್ಡವು, ಅಷ್ಟೇ.

ಚಾದರ ಮತ್ತೆ ಒಗೆಯಬೇಕಾಯಿತು.
ಐನೂರು ವಾನ್
ಏಣಿಯ ಲೆಕ್ಕಕ್ಕೆ ಬರೆದಿಟ್ಟಿದ್ದೇನೆ.